ಕಂಪ್ಯೂಟರಿನ ಹಾಡು ಕೆಮ್ಮುತ್ತಿದೆಯಾ?

ಸಂಜೆ ಆರು ಗಂಟೆ. ದೇವರ ಮುಂದೆ ದೀಪ ಹಚ್ಚಿ, ಒಲೆ ಮೇಲೆ ಕಾಫಿಗೆ ನೀರಿಟ್ಟಿದ್ದೀರಿ. ಹಾಲ್‌ನ ಮೂಲೆಯಲ್ಲಿರುವ ಹಳೇ ಕಂಪ್ಯೂಟರಿನಲ್ಲಿ ಒಂದು ದೇವರನಾಮ ಹಾಕಿ ಕೆಲಸ ಮಾಡಿಕೊಳ್ಳೋಣ ಎಂದರೆ ಹಾಡು ಎರಡು ಹೆಜ್ಜೆ ನಡೆಯುತ್ತೆ, ನಿಲ್ಲುತ್ತೆ. ಮತ್ತೆ ಒಂದು ಹೆಜ್ಜೆ, ಮತ್ತೆ ನಿಲ್ಲುತ್ತೆ. ಕೇಳುವವರಿಗೆ ಬಿಕ್ಕಳಿಕೆ ಬಂದ ಹಾಗೆ! ಕೊನೆಗೆ ತಲೆನೋವು ಬಂದು ನೀವೇ ಆಫ್ ಮಾಡ್ತೀರಿ. ‘ಈ ಡಬ್ಬ ಗುಜರಿಗೆ ಹಾಕಿ’ ಅಂತ ಮನೆಯವರಿಗೆ ಹೇಳಿಯೂ ಬಿಡ್ತೀರಿ. ಹೌದಲ್ವಾ?

ಸ್ವಲ್ಪ ತಾಳಿ. ಗುಜರಿಗೆ ಹಾಕುವ ಮುಂಚೆ ನಮ್ಮ ಮನೆಯ ಕತೆ ಕೇಳಿ. ನಾನೇನು ಕಂಪ್ಯೂಟರ್ ಇಂಜಿನಿಯರ್ ಅಲ್ಲ. ಬಿ.ಎ. ಓದಿ, ಬನಶಂಕರಿಯಲ್ಲಿ ಸಂಸಾರ ಮಾಡಿಕೊಂಡಿರುವವಳು. ನಾನು ಮಾಡಿದ್ದನ್ನು ನೀವೂ ಮಾಡಬಹುದು.

ಅತ್ತೆಯ ದನಿ, ಮಾವನ ಸಂಜೆ

ನಮ್ಮ ಅತ್ತೆ ಸಂಪ್ರದಾಯದ ಹಾಡುಗಳನ್ನು ಬಹಳ ಚೆನ್ನಾಗಿ ಹೇಳುತ್ತಿದ್ದರು. ಹಸೆಗೆ ಕರೆಯುವ ಹಾಡು, ಉರುಟಣೆ ಹಾಡು, ಆರತಿ ಹಾಡು ಎಲ್ಲಾ ಬಾಯಿಪಾಠ. 1994ರಲ್ಲಿ ಮಾವನವರು ಟೇಪ್ ರೆಕಾರ್ಡರ್ ಮುಂದೆ ಅವರನ್ನು ಕೂರಿಸಿ ಒಂದು ಕ್ಯಾಸೆಟ್ ಪೂರ್ತಿ ಹಾಡಿಸಿದ್ದರು. 2010ರಲ್ಲಿ ನಮ್ಮನೆಯವರು ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಕಂಪ್ಯೂಟರ್ ತಂದಾಗ ಮಾಡಿದ ಮೊದಲ ಕೆಲಸವೇ ಆ ಕ್ಯಾಸೆಟ್ಟನ್ನು ಅದಕ್ಕೆ ತುಂಬಿಸಿದ್ದು. ಆಮೇಲೆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಹಾಳಾಯಿತು. 2016ರಲ್ಲಿ ಅತ್ತೆಯೂ ಹೋದರು. ಅಂದಿನಿಂದ ಮಾವನವರು ದಿನಾ ಸಂಜೆ ಆ ಕಂಪ್ಯೂಟರ್ ಮುಂದೆ ಕೂತು ಒಂದೆರಡು ಹಾಡು ಕೇಳಿ ಏಳುತ್ತಾರೆ. ಅವರಿಗೆ ಮೊಬೈಲು ಒಗ್ಗದು.

ಹೋದ ವರ್ಷ ನಾದಿನಿಯ ಮಗಳ ಮದುವೆ ಗೊತ್ತಾಯಿತು. ‘ಅತ್ತಿಗೆ, ಅಮ್ಮನ ದನಿಯಲ್ಲೇ ಹಸೆಗೆ ಕರೆಯೋ ಹಾಡು ಹಾಕೋಣ’ ಎಂದಳು ನಾದಿನಿ. ಸರಿ ಎಂದು ಕಂಪ್ಯೂಟರ್ ಮುಂದೆ ಕೂತರೆ ಹಾಡು ತುಂಡು ತುಂಡು! ಮಾವನವರನ್ನು ಕೇಳಿದೆ. ‘ಎರಡು ತಿಂಗಳಿಂದ ಹೀಗೇ ಇದೆಯಮ್ಮಾ. ಕ್ಯಾಸೆಟ್ಟಿನ ಹಾಗೆ ಇದೂ ಹಾಳಾಯಿತೇನೋ. ನಿಮಗೆಲ್ಲ ಯಾಕೆ ತೊಂದರೆ ಅಂತ ಸುಮ್ಮನಿದ್ದೆ’ ಎಂದರು. ಎರಡು ತಿಂಗಳು! ಅವರು ಸಂಜೆ ಸುಮ್ಮನೆ ಬಾಲ್ಕನಿಯಲ್ಲಿ ಕೂರುತ್ತಿದ್ದುದನ್ನು ನೋಡಿಯೂ ನನಗೆ ಹೊಳೆದಿರಲಿಲ್ಲ. ಹೊಟ್ಟೆಯಲ್ಲಿ ಹೇಗೋ ಆಯಿತು.

ಮರುದಿನವೇ ರಿಪೇರಿ ಹುಡುಗನನ್ನು ಕರೆಸಿದೆ. ಐದು ನಿಮಿಷ ನೋಡಿ, ‘ಹಳೇದು ಮೇಡಂ, ಹೊಸದು ತಗೊಳ್ಳಿ. ಇಲ್ಲಾಂದ್ರೆ ಎಲ್ಲಾ ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕಿಕೊಡ್ತೀನಿ’ ಎಂದ. ನಾನು ‘ಹೂಂ’ ಎನ್ನುವವಳೇ. ಅಷ್ಟರಲ್ಲಿ ಕಾಲೇಜಿನಿಂದ ಬಂದ ಮಗಳು, ‘ಅಮ್ಮಾ, ಫಾರ್ಮ್ಯಾಟ್ ಅಂದ್ರೆ ಒಳಗಿರೋದೆಲ್ಲ ಅಳಿಸೋದು. ಅಜ್ಜಿ ಹಾಡು ಬೇರೆ ಕಡೆ ಇಟ್ಟಿದ್ದೀಯಾ?’ ಎಂದು ಕೇಳಿದಳು. ಇಟ್ಟಿರಲಿಲ್ಲ. ಹುಡುಗನಿಗೆ ಕಾಫಿ ಕೊಟ್ಟು ಕಳಿಸಿದೆ.

ಅದಕ್ಕೇ ಹೇಳ್ತೀನಿ, ಬೇರೇನು ಮಾಡುವ ಮುಂಚೆಯೂ ಮೊದಲ ಕೆಲಸ ಒಂದೇ.

ಮೊದಲು ನಕಲು, ಆಮೇಲೆ ರಿಪೇರಿ

ಹಾಡು, ಫೋಟೋ, ಮಕ್ಕಳ ಅಂಕಪಟ್ಟಿ, ಮನೆ ಪತ್ರ, ಏನೇನು ಮುಖ್ಯವೋ ಅದೆಲ್ಲವನ್ನೂ ಒಂದು ಪೆನ್ ಡ್ರೈವ್‌ಗೆ ಹಾಕಿಕೊಳ್ಳಿ. ಇನ್ನೊಂದು ನಕಲು ಬೇರೆ ಮನೆಯಲ್ಲಿರಲಿ, ತಂಗಿಯ ಹತ್ತಿರವೋ ನಾದಿನಿಯ ಹತ್ತಿರವೋ. ‘ಸಿ ಡ್ರೈವ್‌ನಲ್ಲಿದ್ದದ್ದನ್ನು ಡಿ ಡ್ರೈವ್‌ಗೂ ಹಾಕಿದ್ದೀನಿ, ಸಾಕಲ್ಲ?’ ಅಂತ ನೀವು ಕೇಳಬಹುದು. ಸಾಲದು. ಬಹುತೇಕ ಮನೆ ಕಂಪ್ಯೂಟರ್‌ಗಳಲ್ಲಿ ಸಿ, ಡಿ ಎರಡೂ ಒಂದೇ ಹಾರ್ಡ್ ಡಿಸ್ಕಿನ ಎರಡು ಖಾನೆಗಳು. ಬೀರು ಬಿದ್ದರೆ ಮೇಲಿನ ಖಾನೆ, ಕೆಳಗಿನ ಖಾನೆ ಎರಡೂ ಬಿದ್ದ ಹಾಗೆ.

ಜಾಗ ಎಷ್ಟು ಬೇಕು ಎಂಬ ಚಿಂತೆ ಬೇಡ. ಸಿ.ಡಿ. ಗುಣಮಟ್ಟದ ಹಾಡು ನಿಮಿಷಕ್ಕೆ ಸುಮಾರು 10 ಎಂ.ಬಿ. ಹಿಡಿಯುತ್ತೆ. ಎಂಪಿ3 ಮಾಡಿದ್ದರೆ ನಿಮಿಷಕ್ಕೆ ಸುಮಾರು 1 ಎಂ.ಬಿ. ಅಷ್ಟೇ. ಅಂದರೆ ಅರವತ್ತು ನಿಮಿಷದ ಕ್ಯಾಸೆಟ್ ಎಂಪಿ3 ಆದರೆ 60 ಎಂ.ಬಿ. ಸುತ್ತಮುತ್ತ. ಅತಿ ಚಿಕ್ಕ ಪೆನ್ ಡ್ರೈವ್ ಕೂಡ ಧಾರಾಳ.

ನಕಲು ಮಾಡಿದ ಮೇಲೆ ಅದನ್ನು ಮೊಬೈಲಿನಲ್ಲೋ ಬೇರೆ ಕಂಪ್ಯೂಟರಿನಲ್ಲೋ ಹಾಕಿ ಕೇಳಿ. ನಾನು ಕೇಳಿದೆ. ಅತ್ತೆಯ ದನಿ ಸ್ವಚ್ಛವಾಗಿ ಬಂತು. ಅಡುಗೆಮನೆಯಲ್ಲೇ ಕಣ್ಣಲ್ಲಿ ನೀರು ಬಂತು ಅಂದರೆ ನಂಬಿ. ಹಾಡು ಹಾಳಾಗಿಲ್ಲ, ಕಾಯಿಲೆ ಕಂಪ್ಯೂಟರಿನದು ಅಂತ ಅಲ್ಲೇ ಗೊತ್ತಾಯಿತು. ಅರ್ಧ ಭಾರ ಇಳಿಯಿತು.

ಹಾಡು ಯಾಕೆ ತುಂಡಾಗುತ್ತೆ?

ಇದು ಅರ್ಥವಾಗಬೇಕಾದರೆ ನಮ್ಮ ಮನೆಯ ನೀರನ್ನೇ ನೆನೆಸಿಕೊಳ್ಳಿ. ಕಾವೇರಿ ನೀರು ಸಂಪಿಗೆ ಬಂದು ಬೀಳುತ್ತೆ. ಮೋಟಾರು ಹಾಕಿದರೆ ಮೇಲಿನ ಟ್ಯಾಂಕಿಗೆ ಏರುತ್ತೆ. ನಲ್ಲಿಯಲ್ಲಿ ಬರುವುದು ಟ್ಯಾಂಕಿನ ನೀರು. ಟ್ಯಾಂಕಿನಲ್ಲಿ ನೀರಿದ್ದಷ್ಟು ಹೊತ್ತು ನಲ್ಲಿ ಒಂದೇ ಸಮ ಸುರಿಯುತ್ತೆ. ಮೋಟಾರು ಸೋತು ಟ್ಯಾಂಕು ಬರಿದಾದರೆ? ನಲ್ಲಿ ಬುಸ್ ಬುಸ್ ಅಂತ ಕೆಮ್ಮಿ, ಗಾಳಿ ಬಿಟ್ಟು, ಒಂದಿಷ್ಟು ನೀರು ಚೆಲ್ಲುತ್ತೆ.

ಕಂಪ್ಯೂಟರಿನಲ್ಲೂ ಹಾಗೇ. ಹಾರ್ಡ್ ಡಿಸ್ಕು ಸಂಪು. ಪ್ರೊಸೆಸರ್ ಮೋಟಾರು. ಅದು ಹಾಡನ್ನು ಡಿಸ್ಕಿನಿಂದ ಎತ್ತಿ, ಬಿಡಿಸಿ, ಬಫರ್ ಎಂಬ ಸಣ್ಣ ಟ್ಯಾಂಕಿಗೆ ತುಂಬುತ್ತಾ ಇರುತ್ತೆ. ಸ್ಪೀಕರಿಗೆ ಹೋಗುವುದು ಆ ಟ್ಯಾಂಕಿನಿಂದ. ಸಿ.ಡಿ. ಗುಣಮಟ್ಟದ ಹಾಡೆಂದರೆ ಸೆಕೆಂಡಿಗೆ 44,100 ಧ್ವನಿಯ ತುಣುಕುಗಳು, ಎಡಕ್ಕೂ ಬಲಕ್ಕೂ ಬೇರೆಬೇರೆಯಾಗಿ, ಒಂದೂ ತಡವಾಗದೆ ಹೋಗಬೇಕು. ಒಂದು ಪುಟ ತೆರೆಯಲು ಕಂಪ್ಯೂಟರ್ ಅರ್ಧ ಸೆಕೆಂಡು ತಡ ಮಾಡಿದರೆ ನಮಗೆ ಗೊತ್ತೇ ಆಗಲ್ಲ. ಹಾಡಿನಲ್ಲಿ ಅರ್ಧ ಸೆಕೆಂಡು ತಡವಾದರೆ ಕಿವಿ ತಕ್ಷಣ ಹಿಡಿಯುತ್ತೆ. ಆದ್ದರಿಂದಲೇ ಹಳೇ ಕಂಪ್ಯೂಟರಿನ ದಣಿವು ಮೊದಲು ಹಾಡಿನಲ್ಲಿ ಕೇಳಿಸುವುದು.

ಹಾಗಾದರೆ ನಾವು ಹುಡುಕಬೇಕಾದ್ದು ಇಷ್ಟೇ. ಕೆಟ್ಟಿರೋದು ನಲ್ಲಿಯೋ, ಮೋಟಾರೋ, ಸಂಪೋ?

ಕಿವಿಯಿಂದಲೇ ಪರೀಕ್ಷೆ

ಡಾಕ್ಟರು ಮೊದಲು ‘ಎಲ್ಲಿ ನೋವು, ಯಾವಾಗ ಬರುತ್ತೆ’ ಅಂತ ಕೇಳಲ್ವಾ? ನೀವೂ ಹಾಗೇ ಕೇಳಿ. ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

* ಒಂದೇ ಹಾಡಿನಲ್ಲಿ, ಪ್ರತಿ ಸಲ ಅದೇ ಜಾಗದಲ್ಲಿ ತುಂಡಾದರೆ: ತೊಂದರೆ ಆ ಹಾಡಿನ ಫೈಲಿನಲ್ಲೇ ಇದೆ.
* ಎಲ್ಲ ಹಾಡುಗಳಲ್ಲಿ, ಸಲಕ್ಕೊಂದು ಜಾಗದಲ್ಲಿ ತುಂಡಾದರೆ: ತೊಂದರೆ ಕಂಪ್ಯೂಟರಿನದು.
* ವೈರು ಮುಟ್ಟಿದಾಗ ಕರಕರ ಅಂದರೆ, ಒಂದೇ ಕಡೆಯ ಸ್ಪೀಕರ್ ಸತ್ತರೆ: ಪಿನ್ನು ಸಡಿಲ ಅಥವಾ ವೈರು ಒಳಗೆ ತುಂಡು.
* ಇಂಟರ್‌ನೆಟ್ಟಿನ ಹಾಡು ಮಾತ್ರ ನಿಂತು ನಿಂತು ಬಂದು, ಮನೆಯಲ್ಲಿಟ್ಟ ಹಾಡು ಸರಿಯಿದ್ದರೆ: ಬಹುತೇಕ ನೆಟ್ ನಿಧಾನ, ಇಲ್ಲವೇ ಬ್ರೌಸರ್ ಭಾರ.
* ಮೊದಲ ಹತ್ತು ನಿಮಿಷ ಸರಿಯಿದ್ದು ಆಮೇಲೆ ಶುರುವಾದರೆ: ಒಳಗೆ ಬಿಸಿ ಏರುತ್ತಿದೆ.
* ಡಬ್ಬದೊಳಗಿಂದ ಟಿಕ್ ಟಿಕ್ ಶಬ್ದ ಬಂದು ಪರದೆಯೂ ಹಿಡಿದು ನಿಂತರೆ: ಹಾರ್ಡ್ ಡಿಸ್ಕು ಕೊನೆಯುಸಿರೆಳೆಯುತ್ತಿರಬಹುದು. ಬೇರೆ ಪ್ರಯೋಗ ಬೇಡ. ಮುಖ್ಯವಾದದ್ದನ್ನು ಮೊದಲು ನಕಲು ಮಾಡಿ, ಆಫ್ ಮಾಡಿ, ತಿಳಿದವರಿಗೆ ತೋರಿಸಿ.

ನಲ್ಲಿಯಿಂದ ಶುರು ಮಾಡಿ

ಖರ್ಚಿಲ್ಲದ್ದು ಮೊದಲು. ಸ್ಪೀಕರ್ ಪಿನ್ನು ಕಂಪ್ಯೂಟರಿನ ಹಿಂಭಾಗದ ಹಸಿರು ತೂತಿನಲ್ಲಿ ಪೂರ್ತಿ ಕೂತಿದೆಯಾ ನೋಡಿ. ಗುಡಿಸುವಾಗ ಪೊರಕೆ ತಗುಲಿ ಅರ್ಧ ಈಚೆ ಬಂದಿರುತ್ತೆ. ಎರಡು ಮೂರು ಸಲ ಹಾಕಿ ತೆಗೆದು ಮಾಡಿ. ಸ್ಪೀಕರ್ ಬದಲು ಒಂದು ಇಯರ್‌ಫೋನ್ ಹಾಕಿ ಕೇಳಿ. ಅದರಲ್ಲಿ ಸರಿಯಾಗಿ ಬಂದರೆ ಸ್ಪೀಕರಿನದೇ ತಪ್ಪು. ಅದರಲ್ಲೂ ತುಂಡಾದರೆ ಒಳಗೆ ಹೋಗಬೇಕು.

ಈಗ ಎಷ್ಟೋ ಮನೆಗಳಲ್ಲಿ ಬ್ಲೂಟೂತ್ ಸ್ಪೀಕರ್ ಇದೆ. ಅದಕ್ಕೊಂದು ಸ್ವಾರಸ್ಯದ ಕಾರಣ ಹೇಳ್ತೀನಿ. ಬ್ಲೂಟೂತು, ಬಹಳಷ್ಟು ವೈಫೈ, ನಮ್ಮ ಮೈಕ್ರೋವೇವ್ ಒಲೆ, ಎಲ್ಲವೂ ಸುಮಾರು 2.4 ಗಿಗಾಹರ್ಟ್ಸ್ ಎಂಬ ಒಂದೇ ಅಲೆಯ ಬೀದಿಯಲ್ಲಿ ಓಡಾಡುತ್ತವೆ. ಸಂಜೆ ನೀವು ಸಾರು ಬಿಸಿಗಿಟ್ಟಾಗ ಹಾಡು ತುಂಡಾಗಿ, ಮೈಕ್ರೋವೇವ್ ‘ಟಿಂಗ್’ ಎಂದೊಡನೆ ಸರಿಯಾದರೆ ಕಳ್ಳ ಯಾರು ಅಂತ ಗೊತ್ತಾಯಿತಲ್ಲ! ಸ್ಪೀಕರನ್ನು ಅಡುಗೆಮನೆ ಗೋಡೆಯಿಂದ ದೂರ, ಕಂಪ್ಯೂಟರಿಗೆ ಹತ್ತಿರ ಇಡಿ. ವೈರಿನ ಸ್ಪೀಕರಾದರೆ ಈ ರಗಳೆಯೇ ಇಲ್ಲ.

ಮೋಟಾರಿನ ಮೇಲೆ ಭಾರ ಎಷ್ಟು?

ಕೀಬೋರ್ಡಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಗುಂಡಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತೆ. ವಿಂಡೋಸ್ 7 ಇದ್ದರೆ ಪರ್ಫಾರ್ಮೆನ್ಸ್ ಎಂಬ ಹಾಳೆಯಲ್ಲಿ ಸಿಪಿಯು, ಮೆಮೊರಿ ಎಷ್ಟು ಓಡುತ್ತಿದೆ ಎಂದು ಕಾಣುತ್ತೆ. ವಿಂಡೋಸ್ 10, 11ರಲ್ಲಿ ಡಿಸ್ಕಿನ ಲೆಕ್ಕವೂ ಪಕ್ಕದಲ್ಲೇ ಇರುತ್ತೆ. ಹಾಡು ತುಂಡಾಗುವ ಹೊತ್ತಿಗೆ ಇವುಗಳಲ್ಲಿ ಯಾವುದಾದರೂ ನೂರರ ಹತ್ತಿರ ನಿಂತಿದ್ದರೆ, ಒಬ್ಬಳೇ ಸೊಸೆ ಮೇಲೆ ಹತ್ತು ಜನರ ಕೆಲಸ ಬಿದ್ದ ಹಾಗೆ.

ಯಾರು ಆ ಭಾರ ಹಾಕಿದ್ದು? ಅದೇ ಪಟ್ಟಿಯಲ್ಲಿ ಹೆಸರಿರುತ್ತೆ. ಸಾಮಾನ್ಯ ಅಪರಾಧಿಗಳು ಮೂವರು. ಒಂದು, ಹತ್ತಾರು ಪುಟ ತೆರೆದಿಟ್ಟ ಬ್ರೌಸರ್. ಮಕ್ಕಳು ಆನ್‌ಲೈನ್ ಪಾಠ, ಆಟ, ಸಿನಿಮಾ ಎಲ್ಲ ತೆರೆದಿಟ್ಟು ಎದ್ದು ಹೋಗಿರುತ್ತಾರೆ. ಮುಚ್ಚಿ. ಎರಡು, ಆಂಟಿವೈರಸ್ ತಪಾಸಣೆ. ಅದು ಸಂಜೆ ಆರಕ್ಕೇ ಶುರುವಾಗುವ ಹಾಗೆ ಇಟ್ಟಿದ್ದರೆ ಮಧ್ಯಾಹ್ನಕ್ಕೆ ಬದಲಾಯಿಸಿ. ತೆಗೆದು ಮಾತ್ರ ಹಾಕಬೇಡಿ. ಮೂರು, ಕಂಪ್ಯೂಟರ್ ಹಾಕಿದೊಡನೆ ತಾವಾಗಿಯೇ ಎದ್ದು ಕೂರುವ ಬೇಡದ ಪ್ರೋಗ್ರಾಂಗಳು. ವಿಂಡೋಸ್ 10, 11ರಲ್ಲಿ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಎಂಬ ಹಾಳೆಯಲ್ಲಿ ಇವನ್ನು ನಿಲ್ಲಿಸಬಹುದು. ಹೆಸರು ಗೊತ್ತಿಲ್ಲದ್ದನ್ನು ಮುಟ್ಟಬೇಡಿ.

ಸಿ ಡ್ರೈವ್ ತುಂಬಿ ತುಳುಕುತ್ತಿದ್ದರೂ ಹೀಗೇ ಆಗುತ್ತೆ. ಹತ್ತರಲ್ಲಿ ಎರಡು ಪಾಲಾದರೂ ಖಾಲಿ ಇರಲಿ. ಕಸದ ಬುಟ್ಟಿ ಅಂದರೆ ರಿಸೈಕಲ್ ಬಿನ್ ಖಾಲಿ ಮಾಡಿ, ಒಮ್ಮೆ ಇಣುಕಿ ನೋಡಿಯೇ!

ನಮ್ಮ ಮನೆಯ ಕಳ್ಳ ಸಿಕ್ಕಿದ್ದು ಹೀಗೆ

ನಾನು ಇಷ್ಟೂ ಮಾಡಿದೆ. ಸ್ವಲ್ಪ ಸುಧಾರಿಸಿತು, ಪೂರ್ತಿ ಹೋಗಲಿಲ್ಲ. ಚೀಟಿ ತೆಗೆದು ನೋಡಿದರೆ ನಾನೇ ಬರೆದಿದ್ದೆ: ‘ಬೆಳಿಗ್ಗೆ ಹಾಕಿದರೆ ಎರಡು ಹಾಡು ಚೆನ್ನಾಗಿ ಬರುತ್ತೆ, ಮೂರನೆಯದರಿಂದ ತುಂಡು. ಫ್ಯಾನು ಮಿಕ್ಸಿ ತರಹ ಕೂಗುತ್ತೆ.’ ಬಿಸಿ!

ಡಬ್ಬದ ಹತ್ತಿರ ಕೈ ಇಟ್ಟರೆ ಬೆಚ್ಚಗಲ್ಲ, ಬಿಸಿಯೇ. ಆಗ ನಾಚಿಕೆಯಿಂದ ಒಪ್ಪಿಕೊಳ್ಳಬೇಕಾದ ಸತ್ಯ ಹೊಳೆಯಿತು. ಧೂಳು ಬೀಳಬಾರದೆಂದು ನಾನೇ ಕ್ರೋಶ ಹೆಣೆದು, ಅಸ್ತರಿ ಬಟ್ಟೆ ಕೊಟ್ಟು ಒಂದು ಕವರ್ ಮಾಡಿದ್ದೆ. ಅಂಚಿಗೆ ಗುಲಾಬಿ ಹೂವು ಬೇರೆ. ಬಂದವರೆಲ್ಲ ಹೊಗಳಿದ್ದರು. ಮಾವನವರು ಪರದೆ, ಕೀಬೋರ್ಡಿನ ಮೇಲಿನ ಬಟ್ಟೆ ತೆಗೆಯುತ್ತಿದ್ದರೇ ಹೊರತು ಸಿಪಿಯು ಡಬ್ಬದ್ದು ತೆಗೆಯುತ್ತಿರಲಿಲ್ಲ. ಗಾಳಿ ಆಡುವ ತೂತೆಲ್ಲ ಮುಚ್ಚಿತ್ತು. ಅದೂ ಸಾಲದೆಂದು ಡಬ್ಬವನ್ನು ದೇವರ ಗೂಡಿನ ಕೆಳಗೆ ಗೋಡೆಗೆ ಒತ್ತಿ ಇಟ್ಟಿದ್ದೆವು. ಊದುಬತ್ತಿಯ ಮಸಿ, ಹೂಬತ್ತಿ ಹೊಸೆಯುವ ಹತ್ತಿಯ ಎಳೆ ಎಲ್ಲ ಅದರ ಹೊಟ್ಟೆಗೆ.

ಪ್ರೊಸೆಸರ್ ಬಿಸಿಯಾದರೆ ಸುಟ್ಟುಹೋಗದಿರಲೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತೆ. ಬಿಸಿಲಿನಲ್ಲಿ ಮಾರ್ಕೆಟ್ಟಿನಿಂದ ಚೀಲ ಹೊತ್ತು ಬರುವಾಗ ನಾವು ನಿಧಾನ ಮಾಡಲ್ವಾ, ಹಾಗೆ. ಮೋಟಾರು ನಿಧಾನವಾಯಿತು, ಟ್ಯಾಂಕು ಬರಿದಾಯಿತು, ನಲ್ಲಿ ಕೆಮ್ಮಿತು!

ಧೂಳು ತೆಗೆಯುವುದು ಹೇಗೆ?

* ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ಗನ್ನೇ ಕೀಳಿ. ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು.
* ಡಬ್ಬವನ್ನು ಬಾಲ್ಕನಿಗೆ ತನ್ನಿ. ಪಕ್ಕದ ತಗಡಿನ ಸ್ಕ್ರೂ ಬಿಚ್ಚಿ. ಒಳಗೆ ಕೈ ಹಾಕುವ ಮುಂಚೆ ಡಬ್ಬದ ಬರಿಯ ಲೋಹವನ್ನು ಒಮ್ಮೆ ಮುಟ್ಟಿ. ಮೈಯಲ್ಲಿರುವ ಸ್ಥಿರ ವಿದ್ಯುತ್ತು ಇಳಿಯಲಿ. ರೇಷ್ಮೆ, ನೈಲಾನ್ ಸೀರೆ ಬೇಡ, ಹತ್ತಿಯದು ಉಟ್ಟಿರಿ. ಸೆರಗು ಸಿಕ್ಕಿಸಿಕೊಳ್ಳಿ.
* ಹೊಸದಾದ ಮೆತ್ತನೆಯ ಪೇಂಟ್ ಬ್ರಷ್‌ನಿಂದ ಧೂಳು ಬಿಡಿಸಿ. ಗಾಳಿ ಊದುವ ಬ್ಲೋವರ್ ಇದ್ದರೆ ಇನ್ನೂ ಒಳ್ಳೆಯದು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದಿರಿ, ಗಿರಗಿರ ತಿರುಗಲು ಬಿಡಬೇಡಿ.
* ಒದ್ದೆ ಬಟ್ಟೆ ಬೇಡವೇ ಬೇಡ. ವ್ಯಾಕ್ಯೂಮ್ ಕ್ಲೀನರ್ ಮೂತಿಯನ್ನೂ ಒಳಗೆ ಹಾಕಬೇಡಿ.
* ಕರೆಂಟು ಬರುವ ಕಡೆ ಇರುವ ಎಸ್‌ಎಂಪಿಎಸ್ ಎಂಬ ಮುಚ್ಚಿದ ಡಬ್ಬಿಯನ್ನು, ಹಳೇ ದಪ್ಪ ಮಾನಿಟರನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅವುಗಳೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ತು ಉಳಿದಿರುತ್ತೆ.

ನಾನು ತೆಗೆದ ಧೂಳನ್ನು ನೋಡಿದ್ದರೆ ನೀವು ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ಕೌದಿಗೆ ತುಂಬುವಷ್ಟು! ಡಬ್ಬವನ್ನು ಗೋಡೆಯಿಂದ ಒಂದು ಗೇಣು ಈಚೆಗೆ, ನೆಲದಿಂದ ಒಂದು ಮಣೆ ಎತ್ತರಕ್ಕೆ ಇಟ್ಟೆ. ಕ್ರೋಶ ಕವರ್ ಈಗ ಹೊಲಿಗೆ ಮೆಷಿನ್ನಿನ ಮೇಲಿದೆ. ಕವರ್ ಹಾಕಲೇಬೇಕೆಂದಿದ್ದರೆ ಆಫ್ ಮಾಡಿ ಅರ್ಧ ಗಂಟೆ ಆದ ಮೇಲೆ ಹಾಕಿ, ಆನ್ ಮಾಡುವ ಮುಂಚೆ ಪೂರ್ತಿ ತೆಗೆಯಿರಿ.

ಇಷ್ಟಾದರೂ ಬಿಸಿ ಇಳಿಯದಿದ್ದರೆ ಪ್ರೊಸೆಸರ್ ಮತ್ತು ಅದರ ಮೇಲಿನ ಲೋಹದ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದು ಅಂಗಡಿಯವರ ಕೆಲಸ. ಚಿಕ್ಕ ಕೆಲಸವೇ.

ಇನ್ನೂ ಹೋಗಲಿಲ್ಲವೇ? ಸೆಟ್ಟಿಂಗ್ ನೋಡಿ

ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಪವರ್ ಆಪ್ಷನ್ಸ್ ತೆರೆಯಿರಿ. ‘ಪವರ್ ಸೇವರ್’ ಎಂದಿದ್ದರೆ ‘ಬ್ಯಾಲೆನ್ಸ್ಡ್’ ಮಾಡಿ. ಕರೆಂಟು ಉಳಿಸಲು ಹೋಗಿ ಪ್ರೊಸೆಸರಿಗೆ ಅರೆಹೊಟ್ಟೆ ಊಟ ಹಾಕಿದಂತಾಗಿರುತ್ತೆ.

ಆಮೇಲೆ ಅಲ್ಲೇ ಸೌಂಡ್ ಎಂಬುದನ್ನು ತೆರೆದು, ಪ್ಲೇಬ್ಯಾಕ್‌ನಲ್ಲಿ ನಿಮ್ಮ ಸ್ಪೀಕರ್ ಆರಿಸಿ, ಪ್ರಾಪರ್ಟೀಸ್ ಒತ್ತಿ. ಎನ್‌ಹ್ಯಾನ್ಸ್‌ಮೆಂಟ್ಸ್ ಎಂಬ ಹಾಳೆ ಇದ್ದರೆ ಅಲ್ಲಿ ಎಲ್ಲವನ್ನೂ ನಿಲ್ಲಿಸುವ ಚೌಕಕ್ಕೆ ಗುರುತು ಹಾಕಿ. ಹಾಡಿಗೆ ಇಲ್ಲದ ಒಗ್ಗರಣೆ ಕೊಡುವ ಕೆಲಸ ಅದು, ಹಳೇ ಯಂತ್ರಕ್ಕೆ ಸುಮ್ಮನೆ ಹೊರೆ. ಅಡ್ವಾನ್ಸ್ಡ್ ಹಾಳೆಯಲ್ಲಿ 16 ಬಿಟ್, 44100 ಹರ್ಟ್ಸ್ ಎಂಬುದನ್ನು ಆರಿಸಿ ನೋಡಿ. ಸರಿಬರದಿದ್ದರೆ 48000. ಪಾಯಸಕ್ಕೆ ಸಕ್ಕರೆ ನೋಡಿದ ಹಾಗೆ ಒಂದೊಂದಾಗಿ ಬದಲಿಸಿ, ಪ್ರತಿ ಸಲ ಹಾಡು ಕೇಳಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತಲೇ ಗೊತ್ತಾಗಲ್ಲ.

ಬೇರೆ ಪ್ಲೇಯರ್ ಹಾಕಿ ನೋಡುವುದೂ ಒಳ್ಳೆಯದು. ವಿಎಲ್‌ಸಿ ಎಂಬುದು ಪೂರ್ತಿ ಉಚಿತ, ಹಳೇ ಯಂತ್ರಗಳಿಗೂ ಹಗುರ.

ಕೊನೆಯದು ಡ್ರೈವರ್. ಧ್ವನಿಯ ಯಂತ್ರಕ್ಕೂ ವಿಂಡೋಸ್‌ಗೂ ನಡುವೆ ಮಾತಾಡುವ ದುಭಾಷಿ ಇದು. ವಿಂಡೋಸ್ ಬದಲಾಯಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಇದನ್ನೇ ಅನುಮಾನಿಸಿ. ಕೆಲವು ಸಲ ಧ್ವನಿಯದಲ್ಲ, ವೈಫೈನ ಡ್ರೈವರೇ ಮಧ್ಯೆ ಬಾಯಿ ಹಾಕುತ್ತಿರುತ್ತೆ. ವೈಫೈ ಆಫ್ ಮಾಡಿದರೆ ಹಾಡು ಸರಿಯಾಗುತ್ತಾ ಅಂತ ಒಮ್ಮೆ ನೋಡಿ. ಡ್ರೈವರನ್ನು ಮದರ್‌ಬೋರ್ಡ್ ಅಥವಾ ಲ್ಯಾಪ್‌ಟಾಪ್ ಮಾಡಿದ ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಿ. ‘ನಿಮ್ಮ ಡ್ರೈವರ್ ಹಳೆಯದು, ಇಲ್ಲಿ ಒತ್ತಿ’ ಎಂದು ಪರದೆ ಮೇಲೆ ತಾನಾಗಿ ಹಾರಿ ಬರುವ ಜಾಹೀರಾತನ್ನು ಮಾತ್ರ ಒತ್ತಬೇಡಿ.

ಇನ್ನೂ ವಿಂಡೋಸ್ ಎಕ್ಸ್‌ಪಿ ಇರುವ ಯಂತ್ರವಾದರೆ ಇನ್ನೊಂದು ಮಾತು. ಡಿಸ್ಕು ಓದುವಾಗ ಪದೇ ಪದೇ ತಪ್ಪಾದರೆ ಎಕ್ಸ್‌ಪಿ ಅದನ್ನು ಡಿಎಂಎ ಎಂಬ ವೇಗದ ದಾರಿಯಿಂದ ಪಿಐಓ ಎಂಬ ನಿಧಾನದ ದಾರಿಗೆ ಇಳಿಸುತ್ತಿತ್ತು. ಆಗ ಪ್ರೊಸೆಸರೇ ಬಿಂದಿಗೆಯಲ್ಲಿ ನೀರು ಹೊರಬೇಕು, ಹಾಡು ತುಂಡಾಗದೆ ಇನ್ನೇನು! ರಿಪೇರಿಯವರಿಗೆ ‘ಪಿಐಓ ಮೋಡ್‌ಗೆ ಇಳಿದಿದೆಯಾ ನೋಡಿ’ ಎಂದರೆ ಸಾಕು. ಡಿಸ್ಕಿನ ಕೇಬಲ್ಲನ್ನೂ ನೋಡಲು ಹೇಳಿ.

ಅಂಗಡಿಗೆ ಹೋಗಲೇಬೇಕಾದರೆ

ಹೆಂಗಸರು ಬಂದರೆ ‘ಹೊಸದು ತಗೊಳ್ಳಿ’ ಎನ್ನುವುದು ಕೆಲವರಿಗೆ ಅಭ್ಯಾಸ. ನಿಮ್ಮ ಚೀಟಿ ತೋರಿಸಿ. ‘ಹತ್ತು ನಿಮಿಷ ಆದ ಮೇಲೆ ತುಂಡಾಗುತ್ತೆ, ಇಯರ್‌ಫೋನಿನಲ್ಲೂ ಹಾಗೇ, ಬೇರೆ ಪ್ಲೇಯರಿನಲ್ಲೂ ಹಾಗೇ’ ಎಂದು ಹೇಳಿ ನೋಡಿ, ಎದುರಿಗಿರುವವರ ಮಾತಿನ ವರಸೆಯೇ ಬದಲಾಗುತ್ತೆ. ಫಾರ್ಮ್ಯಾಟ್ ಎಂದರೆ ‘ನಕಲು ಆಗಿದೆಯಾ’ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಖರ್ಚು ಎಷ್ಟೆಂದು ಮೊದಲೇ ಬರೆಸಿಕೊಳ್ಳಿ. ಭಾಗ ಬದಲಿಸಿದರೆ ಹಳೆಯದನ್ನು ವಾಪಸು ಕೇಳಿ, ಅದರಲ್ಲೂ ಹಾರ್ಡ್ ಡಿಸ್ಕನ್ನು. ಅದರಲ್ಲಿ ನಿಮ್ಮ ಮನೆಯ ಫೋಟೋ, ಕಾಗದಪತ್ರ ಎಲ್ಲ ಇರುತ್ತೆ.

ದುಡ್ಡು ಹಾಕುವುದೇ ಆದರೆ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವುದು ಹಳೇ ಯಂತ್ರಕ್ಕೆ ದೊಡ್ಡ ಉಪಕಾರ. ಅದರಲ್ಲಿ ತಿರುಗುವ ತಟ್ಟೆ ಇಲ್ಲ, ಓದುವುದು ಬಹಳ ಬೇಗ.

ಒಂದು ಎಚ್ಚರಿಕೆ. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಕಂಪನಿಯ ಸಾಮಾನ್ಯ ಬೆಂಬಲ ನಿಂತಿದೆ. ತೀರಾ ಹಳೆಯದರಲ್ಲಿ ಬ್ಯಾಂಕಿನ ಕೆಲಸ, ಯುಪಿಐ, ಪಾಸ್‌ವರ್ಡ್ ಇತ್ಯಾದಿ ಬೇಡ. ನಾವು ನಮ್ಮ ವಿಂಡೋಸ್ 7 ಯಂತ್ರದ ಇಂಟರ್‌ನೆಟ್ ತಂತಿಯನ್ನೇ ಕಿತ್ತುಬಿಟ್ಟಿದ್ದೇವೆ. ಈಗ ಅದು ಮಾವನವರ ಹಾಡಿನ ಪೆಟ್ಟಿಗೆ ಮಾತ್ರ. ಹೊರಗಿನ ಪೆನ್ ಡ್ರೈವ್ ಹಾಕದಿದ್ದರೆ ನೆಮ್ಮದಿ.

ಯಂತ್ರ ನಿಜಕ್ಕೂ ಸತ್ತಿದ್ದರೆ ಗುಜರಿ ಗಾಡಿಗೆ ಹಾಕಬೇಡಿ. ಅದರಲ್ಲಿ ಸೀಸದಂಥ ವಿಷದ ವಸ್ತುಗಳಿರುತ್ತವೆ. ಡಿಸ್ಕು ತೆಗೆದಿಟ್ಟುಕೊಂಡು, ಪರವಾನಗಿ ಇರುವ ಇ-ತ್ಯಾಜ್ಯ ಸಂಗ್ರಹದವರಿಗೇ ಕೊಡಿ.

ದನಿ ಉಳಿಯುವುದು ನಮ್ಮ ಕೈಲಿದೆ

ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗೀತ ಸಂಗ್ರಹಾಲಯಕ್ಕೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಧ್ವನಿಮುದ್ರಣದ ಕತೆಯೂ ಅಲ್ಲಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ಕೊಳವೆಯ ಮುಂದೆ ಹಾಡಿದರು. ಅವರು ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲಿ, 1930ರಲ್ಲಿ. ಮೂರು ನಿಮಿಷದ ಆ ತಟ್ಟೆಗಳನ್ನು ಯಾರೋ ಜೋಪಾನ ಮಾಡಿದ್ದರಿಂದ ಇವತ್ತಿಗೂ ಅವರ ದನಿ ಕೇಳಿಸುತ್ತೆ. ನಮ್ಮ ಅತ್ತೆ, ಅಜ್ಜಿಯರ ದನಿಯನ್ನು ಯಾವ ಸಂಗ್ರಹಾಲಯವೂ ಕಾಯಲ್ಲ. ನಾವೇ ಕಾಯಬೇಕು.

ನಿಮ್ಮ ಮನೆಯ ಅಟ್ಟದಲ್ಲೂ ಅಂಥ ಕ್ಯಾಸೆಟ್ ಇದ್ದರೆ ಇವತ್ತೇ ಇಳಿಸಿ. ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಹಿಂದಿನ ನೀಲಿ ತೂತಿಗೆ ಎರಡೂ ಕಡೆ ಪಿನ್ನಿರುವ ಒಂದು ವೈರು, ಆಡಾಸಿಟಿ ಎಂಬ ಉಚಿತ ತಂತ್ರಾಂಶ, ಇಷ್ಟಿದ್ದರೆ ಸಾಕು. ಟೇಪ್ ರೆಕಾರ್ಡರಿನ ವಾಲ್ಯೂಮು ಕಡಿಮೆಯಿಂದ ಶುರು ಮಾಡಿ.

ನಮ್ಮ ಮನೆಯಲ್ಲಿ ಏನಾಯಿತು ಅಂತ ಕೇಳ್ತೀರಾ? ಧೂಳು ತೆಗೆದ ದಿನ ಸಂಜೆ ಮಾವನವರನ್ನು ಕರೆದು ಕೂರಿಸಿ ಹಾಡು ಹಾಕಿದೆ. ಒಂದು, ಎರಡು, ಮೂರು, ಐದು ಹಾಡು ಸರಾಗ. ಆರನೆಯ ಹಾಡಿನ ನಡುವೆ ಟಕ್ ಅಂತ ಒಂದು ಕಡೆ ನಿಂತು ಮುಂದೆ ಹೋಯಿತು. ನನ್ನ ಎದೆ ಧಸಕ್ ಎಂದಿತು. ಮತ್ತೆ ಹಾಕಿದೆ, ಅಲ್ಲೇ ನಿಂತಿತು. ಮೊಬೈಲಿನಲ್ಲಿ ಹಾಕಿದೆ, ಅಲ್ಲೂ ಅದೇ ಜಾಗ.

ಮಾವನವರು ನಕ್ಕರು. ‘ಅದು ಹಾಗೇ ಇರೋದಮ್ಮಾ. ಅವತ್ತು ಹಾಲು ಉಕ್ಕಿತು ಅಂತ ನಿಮ್ಮತ್ತೆ ಎದ್ದು ಓಡಿದಳು. ನಾನು ಟೇಪು ನಿಲ್ಲಿಸಿದ್ದೆ’ ಎಂದರು.

ಆ ತುಂಡನ್ನು ಸರಿಪಡಿಸಬೇಡ ಎಂದು ಮಗಳಿಗೆ ಹೇಳಿದ್ದೇನೆ. ಮದುವೆಯಲ್ಲೂ ಹಾಗೇ ಹಾಕಿದೆವು.

ಮರೆಯದಿರಿ

* ಮೊದಲು ನಕಲು. ಒಂದಲ್ಲ, ಎರಡು.
* ಯಾವಾಗ, ಎಲ್ಲಿ ತುಂಡಾಗುತ್ತೆ ಎಂದು ಬರೆದಿಡಿ.
* ವೈರು, ಭಾರ, ಬಿಸಿ, ಸೆಟ್ಟಿಂಗ್, ಡ್ರೈವರ್, ಇದೇ ಕ್ರಮದಲ್ಲಿ ನೋಡಿ.
* ಆರು ತಿಂಗಳಿಗೊಮ್ಮೆ ಧೂಳು ತೆಗೆಯಿರಿ. ಹಬ್ಬದ ಸ್ವಚ್ಛತೆಯ ಪಟ್ಟಿಗೆ ಇದನ್ನೂ ಸೇರಿಸಿ.
* ಗಾಳಿ ಆಡುವ ತೂತು ಮುಚ್ಚಬೇಡಿ, ಕವರ್ ಎಷ್ಟೇ ಚೆಂದವಿರಲಿ!
* ಮನೆಯ ಹಿರಿಯರು ದಿನಾ ಮಾಡುವ ಒಂದು ಕೆಲಸ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ‘ಯಾಕೆ’ ಅಂತ ಕೇಳಿ. ಅವರಾಗಿ ಹೇಳುವುದಿಲ್ಲ.